ಗಾರೆಯಿಲ್ಲದ ಸೇತುವೆ

ನಮ್ಮ ಮುತ್ತಜ್ಜನ ಕಾಲದವರು ಊರಿನ ಹಳ್ಳಕ್ಕೆ ಸೇತುವೆ ಕಟ್ಟುವಾಗ ಒಂದು ಹಿಡಿ ಗಾರೆಯನ್ನೂ ಬಳಸಿರಲಿಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದರು, ಅಷ್ಟೇ. ಅದರ ಮೇಲೆ ನಿಂತರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಜೊಂಡು ಬೆಳೆದ ಬಯಲು, ನಡುವೆ ನಮ್ಮ ನಲವತ್ತು ಮನೆ. ನಾನು ಗಾರೆ ಕೆಲಸದವನು. ದಿನಾ ಅದನ್ನೇ ದಾಟಿ ಕೆಲಸಕ್ಕೆ ಹೋಗುತ್ತಿದ್ದರೂ ಒಮ್ಮೆಯೂ ಬಗ್ಗಿ ನೋಡಿದವನಲ್ಲ.

ಗುಡ್ಡದ ಆಚೆ ಕಲ್ಲುಗಣಿ ಬಂತು. ಲಾರಿಗೆ ದಾರಿ ಬೇಕು, ಸೇತುವೆ ಒಡೆಯುತ್ತೇವೆ ಎಂದರು. ನಮ್ಮ ಮೇಷ್ಟ್ರು ಸೇತುವೆಯ ಒಂದು ಫೋಟೋ ಇಟ್ಟು ಕಂಡಕಂಡಲ್ಲಿಗೆ ಅರ್ಜಿ ಬರೆದರು. ಕೊನೆಗೆ ಹಳೆಯ ಕಟ್ಟಡಗಳ ಇಲಾಖೆಯವರಿಂದ ಉತ್ತರ ಬಂತು: ಸೋಮವಾರ ಬಂದು ನೋಡುತ್ತೇವೆ, ನಮ್ಮ ಪಟ್ಟಿಗೆ ಸೇರಿದರೆ ಯಾರೂ ಅದನ್ನು ಮುಟ್ಟುವಂತಿಲ್ಲ.

ದೊಡ್ಡವರು ಬರುತ್ತಾರೆಂದರೆ ನಾವು ಕೈಕಟ್ಟಿ ಕೂರುವ ಜನವೇ? ಭಾನುವಾರ ಊರಿಗೆ ಊರೇ ಹಳ್ಳಕ್ಕಿಳಿಯಿತು. ಎಂಟು ವರ್ಷದಿಂದ ಮುಖ ನೋಡದಿದ್ದ ದರ್ಜಿ ಮತ್ತು ಬಡಗಿ ಒಂದೇ ಬುಟ್ಟಿಗೆ ಕೈ ಹಾಕಿದರು. ಸಂದಿಯಲ್ಲಿ ಬೆಳೆದ ಗಿಡಗಳನ್ನೆಲ್ಲ ಕಿತ್ತೆವು. ಒಂದೊಂದು ಸಂದಿಗೂ ನಾನೇ ಸಿಮೆಂಟು ತುಂಬಿದೆ.

"ನಿನ್ನ ಮದುವೇಲೂ ನೀನು ಇಷ್ಟು ಮೈ ಬಗ್ಗಿಸಿರ್ಲಿಲ್ಲ ಕಣೋ," ಎಂದು ಅತ್ತಿಗೆ ಕಾಲೆಳೆದರು. ಮೇಷ್ಟ್ರೇ ಬಣ್ಣದ ಡಬ್ಬಿ ಹಿಡಿದು ನಿಂತರು, ಎಲ್ಲರೂ ಸೇರಿ ಸೇತುವೆಗೆ ಬಳಿದೆವು. ಸುಳ್ಳೇಕೆ ಹೇಳಲಿ, ನನ್ನ ಜನ್ಮದಲ್ಲಿ ಊರು ಅಷ್ಟು ಚೆಂದ ಕಂಡದ್ದು ಆ ಒಂದೇ ದಿನ.

ಸೋಮವಾರ ಜೀಪಿನಿಂದಿಳಿದ ಅಧಿಕಾರಿ ಹೆಂಗಸು ಫೋಟೋ ನೋಡಿದರು, ಸೇತುವೆ ನೋಡಿದರು, ಮತ್ತೆ ಫೋಟೋ ನೋಡಿದರು.

"ಸಿಮೆಂಟು ಯಾರು ಹಾಕಿದ್ದು?"

"ನಾನೇ ಮೇಡಂ," ಎದೆಯುಬ್ಬಿಸಿ ಹೇಳಿದೆ. "ಇನ್ನು ನೂರು ವರ್ಷ ಅಲ್ಲಾಡಲ್ಲ."

ಅವರು ಅಲ್ಲೇ ದಡದ ಮೇಲೆ ಕುಸಿದು ಕೂತರು. "ಗಾರೆ ಇಲ್ದೇನೇ ಇಷ್ಟು ವರ್ಷ ನಿಂತಿತ್ತಲ್ಲಪ್ಪ, ಅದನ್ನ ನೋಡೋಕೇ ನಾವು ಬಂದಿದ್ದು. ಈಗ ಏನಂತ ಬರೀಲಿ?"

"ಎರಡು ದಿನ ಕೊಡಿ ಮೇಡಂ, ಎಲ್ಲಾ ಕೆತ್ತಿ ತೆಗೀತೀನಿ."

"ತೆಗೆಯೋಕೆ ಹೋದ್ರೆ ಕಲ್ಲೂ ಕಿತ್ತು ಬರುತ್ತೆ."

ಅವರ ಕಣ್ಣು ತುಂಬಿತ್ತು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಊರಲ್ಲೂ ಯಾರೂ ನನ್ನನ್ನು ಬೈಯಲಿಲ್ಲ, ಬಣ್ಣ ಎಲ್ಲರ ಕೈಗೂ ಅಂಟಿತ್ತಲ್ಲ. ದರ್ಜಿ ಮತ್ತು ಬಡಗಿ ಮತ್ತೆ ಮಾತು ಬಿಟ್ಟರು.

ಸೇತುವೆ ಪಟ್ಟಿಗೆ ಸೇರಲಿಲ್ಲ. ತಿಂಗಳಾಗುವಷ್ಟರಲ್ಲಿ ಒಡೆಯುವ ಯಂತ್ರ ಬಂತು. "ಹೋಗೋದಂತೂ ಹೋಗುತ್ತೆ, ಮನೆಗೊಂದು ಕಲ್ಲಾದ್ರೂ ಇಟ್ಕೊಳ್ಳೋಣ," ಎಂದರು ಅತ್ತಿಗೆ. ನಲವತ್ತು ಮನೆಯವರೂ ದಡದಲ್ಲಿ ನಿಂತರು. ಮುತ್ತಜ್ಜನ ಉಳಿಯ ಗುರುತಿದ್ದ ಒಂದು ಕಲ್ಲು ನನಗೆ ಬೇಕಿತ್ತು.

ಯಂತ್ರದವನು ನಾಲ್ಕು ಏಟು ಹಾಕಿ ನಿಲ್ಲಿಸಿದ. "ಬರೀ ಕಲ್ಲು ಜೋಡಿಸಿದ್ದಾಗಿದ್ರೆ ಒಂದೊಂದೇ ಬಿಡಿಸಿ ಕೊಡ್ತಿದ್ದೆ. ಇದಕ್ಕೆ ಸಿಮೆಂಟು ಹಾಕಿದೋನು ಭಾರೀ ಕೆಲಸಗಾರ ಬಿಡಿ."

ಸಂಜೆಯ ಹೊತ್ತಿಗೆ ಕಲ್ಲೆಲ್ಲ ಜಲ್ಲಿಯಾಗಿತ್ತು. ಬಿರುಕು ಬಿಟ್ಟದ್ದು ಕಲ್ಲು, ನನ್ನ ಸಿಮೆಂಟಲ್ಲ. ನಲವತ್ತು ಮನೆಯವರೂ ಬರಿಗೈಯಲ್ಲಿ ಹಿಂತಿರುಗಿದರು.