ಕೈಬಿಟ್ಟ ಒಂದು ಮೀಟರ್

ರೇಣುಕಪ್ರಸಾದ್ ರಜೆಗೆಂದು ಕಿಬ್ಬನಹಳ್ಳಿಯ ಅಕ್ಕನ ಮನೆಗೆ ಬಂದಿದ್ದ. ಕರಾವಳಿಯ ಬಂದರುಗಳಿಗೆ ನಕ್ಷೆ ಮಾಡುವ ಎಂಜಿನಿಯರ್ ಅವನು. ಅಕ್ಕ ಸೌಂದರ್ಯ ತೆಂಗಿನ ನಾರಿನ ಹಗ್ಗ, ಚಾಪೆ ಮಾಡಿಸುತ್ತಿದ್ದಳು. ಕಡಲ ದಂಡೆಯ ಮರಳು ಕೊಚ್ಚಿಹೋಗದಂತೆ ಹಾಸಲು ಚಾಪೆ ಬೇಕೆಂದು ಆ ಬೆಳಿಗ್ಗೆ ಮಾದೇವ ಮೊಗೇರ ಎಂಬ ಮೀನುಗಾರ ಲಾರಿ ತಂದಿದ್ದ.

ಅವನು ತನ್ನ ಊರಿನ ಹೆಸರು ಹೇಳಿದಾಗ ಪ್ರಸಾದ್ ತಲೆಯೆತ್ತಿದ.

“ಅಲ್ಲಿ ಹೊಸ ಬಂದರು ಆಗೈತಲ್ರೀ?” ಎಂದು ಸೌಂದರ್ಯ ಟೀ ಲೋಟ ಮುಂದಿಟ್ಟಳು. ಅದರ ನಕ್ಷೆ ಮಾಡಿದ್ದು ತನ್ನ ತಮ್ಮನೇ ಎಂದು ಹೇಳುವ ಮೊದಲೇ ಮಾದೇವ ಮಾತಾಡಿದ.

“ಆಗಿದೆ. ತಡೆಗೋಡೆ ಗಿಡ್ಡ ಮಾರಾಯ್ರೆ. ಹೋದ ಮಳೆಗಾಲದಲ್ಲಿ ಅಲೆ ಗೋಡೆ ಹತ್ತಿ ಒಳಗೇ ಬಂತು. ಗೋಡೆ ಉಂಟಲ್ಲ ಅಂತ ನನ್ನ ತಮ್ಮ ಧೈರ್ಯದಲ್ಲಿ ದೋಣಿ ಕಟ್ತಾ ಇದ್ದ. ಎರಡು ದೋಣಿ ನಡುವೆ ಸಿಕ್ಕಿ ಬಲಗೈ ಹೋಯ್ತು.”

ಕಚೇರಿಗೆ ಬಂದ ವರದಿಯಲ್ಲಿ ‘ಏಳು ದೋಣಿಗಳಿಗೆ ಹಾನಿ’ ಎಂದಷ್ಟೇ ಇತ್ತು. ಪ್ರಸಾದ್ ಓದಿ ಪುಟ ತಿರುಗಿಸಿದ್ದ.

ಸಮುದ್ರಮಟ್ಟ ಏರುತ್ತಿರುವುದರಿಂದ ಗೋಡೆ ಇನ್ನೊಂದು ಮೀಟರ್ ಎತ್ತರವಿರಬೇಕೆಂದು ಅವನದೇ ಮೊದಲ ಲೆಕ್ಕ ಹೇಳಿತ್ತು. ಬದಲಿಸಿದರೆ ಮತ್ತೆ ಮಂಜೂರಾತಿ, ಕೆಲಸ ಒಂದು ವರ್ಷ ತಡ. ಯಾರೂ ಒತ್ತಾಯಿಸಿರಲಿಲ್ಲ. ಹಳೆಯ ಅಲೆಗಳ ಅಂಕಿಗಳನ್ನೇ ಹಿಡಿದು ತಾನಾಗಿಯೇ ಸಹಿ ಹಾಕಿದ್ದ. ಅದೇ ನಕ್ಷೆ ಈಗ ಇನ್ನೊಂದು ಬಂದರಿಗೂ ಹೋಗಿತ್ತು.

“ಆ ಗೋಡೆ ಗಿಡ್ಡ ಮಾಡಿದೋನು ನಾನೇ,” ಎಂದ ಪ್ರಸಾದ್. “ಗೊತ್ತಿದ್ದೂ ಮಾಡ್ದೆ.”

“ಏನ್ ಮಾಡ್ಬುಟ್ಟೆ ಕಣೋ!” ಎಂದು ಸೌಂದರ್ಯ ಅಲ್ಲೇ ಕುಳಿತಳು.

ಮಾದೇವ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. “ನನಗೆ ಹೇಳಿ ಏನು? ಅವನಿಗೆ ಹೇಳಿ,” ಎಂದ.

ಚಾಪೆ ತುಂಬಿದ ಲಾರಿಯಲ್ಲೇ ಪ್ರಸಾದ್ ಹೊರಟ. ಮರುದಿನ ಮಾದೇವನ ತಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವನು ಬೈಯಲಿಲ್ಲ. ಗೋಡೆಯ ಬಳಿಗೆ ಕರೆದೊಯ್ದು, ಅಲೆ ಎಲ್ಲಿಯವರೆಗೆ ಬಂದಿತ್ತೆಂದು ತೋರಿಸಿದ. ಪ್ರಸಾದ್ ಕೈಮುಗಿಯಹೋದಾಗ ಮಾತ್ರ ಅವನ ದನಿ ಗಟ್ಟಿಯಾಯಿತು. “ಅದೆಲ್ಲ ಬೇಡ. ಆ ಇನ್ನೊಂದು ಊರಿನ ಗೋಡೆ ನಿಲ್ಲಿಸಿ.”

ಅಲ್ಲಿಂದಲೇ ಪ್ರಸಾದ್ ತನ್ನ ತಪ್ಪನ್ನು ತನ್ನ ಹೆಸರಿನಲ್ಲೇ ಕಚೇರಿಗೆ ಬರೆದ. ಎರಡನೇ ಬಂದರಿನ ನಕ್ಷೆ ಹಿಂದಕ್ಕೆ ಬಂತು. ಅವನ ಮೇಲೆ ವಿಚಾರಣೆ ಶುರುವಾಯಿತು. ನಕ್ಷೆಯ ಕೆಲಸದಿಂದ ತೆಗೆದರು.

“ಈಗ್ಲಾದ್ರೂ ಮನ್ಸು ಹಗುರ ಆಯ್ತೇನೋ?” ಎಂದು ಸೌಂದರ್ಯ ಫೋನಿನಲ್ಲಿ ಕೇಳಿದಳು.

“ಇಲ್ಲ ಕಣಕ್ಕ.”

ಮಾದೇವನ ತಮ್ಮ ಬಲೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯಲ್ಲಿ ಗಂಟು ಹಾಕಲು ಹೆಣಗುತ್ತಿದ್ದುದನ್ನು ಪ್ರಸಾದ್ ನೋಡಿಬಂದಿದ್ದ.