ಹತ್ತಿಂಚು ಒಳಗೆ ಸರಿದ ಗೋಡೆ

ಗಾರೆ ಕೆಲಸದ ಕೈಗೆ ಮೌಸ್ ಒಗ್ಗುವುದಿಲ್ಲ. ಸಿಮೆಂಟ್ ತಿಂದು ಒರಟಾದ ಬೆರಳಿಗೆ ಒತ್ತಿದ್ದೇ ಗೊತ್ತಾಗುವುದಿಲ್ಲ, ಮತ್ತೆ ಒತ್ತುತ್ತೇನೆ, ಪರದೆಯ ಮೇಲಿನ ಗೆರೆ ಎಲ್ಲೋ ಹೋಗಿ ಕೂರುತ್ತದೆ. ಸರಸ್ವತಿಪುರಂನ ಕಂಪ್ಯೂಟರ್ ಕ್ಲಾಸಿನಲ್ಲಿ ಮೊದಲ ಹದಿನೈದು ದಿನ ನಾನು ಕಲಿತದ್ದು ಗೆರೆ ಎಳೆಯುವುದು, ಅದನ್ನು ಅಳಿಸುವುದು. ಅಕ್ಕಪಕ್ಕದಲ್ಲಿ ಡಿಪ್ಲೊಮಾ ಹುಡುಗರು ಸೇತುವೆ ಬರೆಯುತ್ತಿದ್ದರು.

ಸೇರುವ ದಿನ ಮೇಜಿನ ಹಿಂದೆ ಕೂತಿದ್ದವನು ಕೇಳಿದ್ದ: "ಏನು ಓದಿದ್ದೀರಿ?"

"ಒಂಬತ್ತನೇ ಕ್ಲಾಸು."

"ಪಾಸಾ?"

"ಅದನ್ನ ಕೇಳಕ್ಕೆ ವಾಪಸ್ ಓಗ್ಲಿಲ್ಲ."

ಅವನು ನಕ್ಕ. ಆ ನಗುವಿಗೆ ಅವನ ಮೇಜು ಎತ್ತಿ ಮಗುಚಬೇಕೆನ್ನಿಸಿತು. ಪಾಠ ಹೇಳುವ ಐಶ್ವರ್ಯ ಮಾತ್ರ ನಗಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವಳಿರಬೇಕು. "ಗೋಡೆ ಕಟ್ಟೋರಿಗೆ ಗೋಡೆ ಬರೆಯೋದೇನು ಕಷ್ಟ, ಬನ್ನಿ" ಎಂದಳು. ಆಕೆಯೂ ತಪ್ಪು ತಿಳಿದಿದ್ದಳು.

ನಾನು ಅಲ್ಲಿಗೆ ಹೋಗುವಂತೆ ಮಾಡಿದವರು ಕುವೆಂಪುನಗರದ ರಾಮಸ್ವಾಮಿ. ಅವರ ಹೆಂಡತಿ ಚೂಡಾಮಣಿ ಮನೆಯಲ್ಲೇ ವೀಣೆ ಹೇಳಿಕೊಡುತ್ತಾರೆ. ಸಂಜೆಯಾದರೆ ನಡುಮನೆಯ ತುಂಬ ಹುಡುಗಿಯರು, ವೀಣೆಗಳು. ರಾಮಸ್ವಾಮಿ ಕ್ರಿಕೆಟ್ ನೋಡಬೇಕೆಂದರೆ ಪಕ್ಕದ ಮನೆಗೆ ಹೋಗಬೇಕು. ಹಾಗಾಗಿ ವೀಣೆ ಪಾಠಕ್ಕೆಂದು ತಾರಸಿಯ ಮೇಲೆ ಒಂದು ರೂಮು ಎತ್ತಿಸುವ ಯೋಚನೆ. ಹಿಂದೆ ಅವರ ಕಾಂಪೌಂಡ್ ಸರಿ ಮಾಡಿದ್ದ ಸಲುಗೆಯಿಂದ ನಾನು ಟೈಲ್ಸ್ ಡಬ್ಬದ ರಟ್ಟಿನ ಮೇಲೆ ರೂಮನ್ನು ಬರೆದು ತೋರಿಸಿದೆ.

"ಇದನ್ನ ನೋಡಿ ನಾನೇನು ತಿಳ್ಕೊಳ್ಳಲಪ್ಪ?" ಎಂದರು ರಾಮಸ್ವಾಮಿ. "ಈಗೆಲ್ಲ ಕಂಪ್ಯೂಟರಲ್ಲಿ ತೋರಿಸ್ತಾರೆ, ಕಟ್ಟೋಕೆ ಮುಂಚೆ ಮನೆ ಕಣ್ಮುಂದೆ ಬರುತ್ತೆ. ನೀನು ಹಾಗೆ ತಂದ್ರೆ ಕೆಲಸ ನಿನಗೇ. ಇಲ್ದಿದ್ರೆ ಎಂಜಿನಿಯರ್ ಮಾಧವ ಇದ್ದಾರೆ. ಅವರ ಕೈಕೆಳಗೆ ಮಾಡುವೆಯಂತೆ."

ಕೈಕೆಳಗೆ. ಹದಿನಾಲ್ಕಕ್ಕೆ ಗಾರೆ ಬಾಣಲಿ ಹೊತ್ತವನಿಗೆ ಇಪ್ಪತ್ತನಾಲ್ಕರಲ್ಲೂ ಅದೇ ಮಾತು. ನಾನು ಇಟ್ಟಿಗೆ ಇಟ್ಟ ಮನೆಗಳ ಮುಂದೆಲ್ಲ ಬೇರೆ ಯಾರದೋ ಬೋರ್ಡು. ಇದೊಂದಾದರೂ ನನ್ನ ಹೆಸರಿನಲ್ಲಿ ಏಳಬೇಕು ಎಂದು ಹಟ ಬಂತು. ಅದು ಎರಡು ಸಾವಿರದ ಎರಡನೇ ಇಸವಿ.

ನನಗೆ ಕರಣೆ ಹಿಡಿಯುವುದನ್ನು ಕಲಿಸಿದ ಸಣ್ಣಮಾದಯ್ಯ ಮೇಸ್ತ್ರಿಗೆ ಇದು ತಮಾಷೆ. "ಏನ್ಲಾ ಚೆಲುವ, ಕರಣೆ ಬುಟ್ಬುಟ್ಟು ಟೀವಿ ಮುಂದೆ ಕೂತ್ಕತೀಯಂತೆ? ಗಾರೆನೂ ಅದೇ ಕಲಸ್ತದಾ?"

"ಅದು ಟೀವಿ ಅಲ್ಲ ಕಣಣ್ಣ."

"ಏನಾದ್ರೂ ಆಗ್ಲಿ. ನಾಳೆ ಮೌಲ್ಡು, ಬೆಳಿಗ್ಗೆ ಆರಕ್ಕೆ ಬಾ."

ಮೌಲ್ಡು ಎಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ದಿನ. ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಮೌಲ್ಡು ಮುಗಿದ ಸಂಜೆಯೂ ಹೂಟಗಳ್ಳಿಯ ಸೈಟಿನಿಂದ ಲೂನಾ ಓಡಿಸಿಕೊಂಡು ಕ್ಲಾಸಿಗೆ ಹೋದೆ. ಹೋಗಿ ಕೂತದ್ದು ನೆನಪಿದೆ. ಐಶ್ವರ್ಯ ಬೋರ್ಡಿನ ಮೇಲೆ ಅಡಿ, ಇಂಚು ಎಂದು ಏನೋ ಬರೆದದ್ದು ನೆನಪಿದೆ. ಅದರಾಚೆಗೆ ನಿದ್ದೆ. ಅಡಿ ಇಂಚು ನನಗೆ ಹೊಸದೇ ಎಂದುಕೊಂಡು ಆಮೇಲೆ ಕೇಳಲೂ ಇಲ್ಲ.

ಮೂರು ತಿಂಗಳು ಹೀಗೇ ಕಳೆಯಿತು. ಹಗಲು ಇಟ್ಟಿಗೆ, ಸಂಜೆ ಗೆರೆ. ರಾಮಸ್ವಾಮಿಯವರ ಮನೆಯ ಹಳೆಯ ನಕ್ಷೆಯನ್ನು ಪಾಠಕ್ಕೆಂದು ಐಶ್ವರ್ಯಳೇ ಕಂಪ್ಯೂಟರಿಗೆ ಹಾಕಿಕೊಟ್ಟಳು. ಮೇಲಿನ ರೂಮು ನನ್ನದು. ನನ್ನ ನೋಟ್‌ಬುಕ್ಕಿನಲ್ಲಿದ್ದ ಅಳತೆ, ಅಗಲ ಹತ್ತಡಿ, ಉದ್ದ ಹನ್ನೆರಡು ಅಡಿ ಹನ್ನೊಂದು ಇಂಚು. ನಾವು ಮೇಸ್ತ್ರಿಗಳು ಅದನ್ನು ಬರೆಯುವುದು ಹನ್ನೆರಡು, ಒಂದು ಚುಕ್ಕೆ, ಹನ್ನೊಂದು. 12.11. ಹಾಗೇ ಒತ್ತಿದೆ. ಗೋಡೆ ಎದ್ದಿತು, ಕಿಟಕಿ ಬಂತು, ಮೇಲೆ ಕೆಂಪು ಹೆಂಚಿನ ಸಣ್ಣ ಮಾಡು. ನಾನೇ ಕಟ್ಟಿದ್ದು, ಆದರೆ ಮೈಗೆ ಒಂದು ಚೂರು ಧೂಳಿಲ್ಲ. ಆ ಹೊತ್ತು ಮಾತ್ರ ದಣಿವು ಮರೆತಿತ್ತು.

ಭಾನುವಾರ ಬಣ್ಣದ ಪ್ರಿಂಟು ಹಿಡಿದು ಹೋದೆ. ರಾಮಸ್ವಾಮಿ ಕನ್ನಡಕ ಹಾಕಿಕೊಂಡು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಚೂಡಾ, ಬಾ ಇಲ್ಲಿ! ನಮ್ಮನೇನೇ ಕಣೇ! ನೋಡು, ಮೇಲಿನ ಗೋಡೆ ಸ್ವಲ್ಪ ಒಳಗೆ ಸರಿದಿದೆ. ಮುಂದುಗಡೆ ಉದ್ದಕ್ಕೂ ಒಂದು ಕಟ್ಟೆ ಬಂದಿದೆ. ಹೂಕುಂಡ ಸಾಲಾಗಿ ಇಡಬಹುದು. ಏನು ಐಡಿಯಾನಯ್ಯ ನಿಂದು!"

ಕಟ್ಟೆಯೇ? ನಾನು ಯಾವ ಕಟ್ಟೆಯನ್ನೂ ಬರೆದಿರಲಿಲ್ಲ.

ಚೂಡಾಮಣಿಯವರಿಗೆ ಹೂಕುಂಡ ಬೇಕಿರಲಿಲ್ಲ. "ವೀಣೆ ಇಟ್ಕೊಂಡು ಆರು ಜನ ಕೂರ್ತಾರೇನಪ್ಪ?" ಎಂದರು. ತೋರಿಸುತ್ತೇನೆ ಎಂದು ತಾರಸಿಗೆ ಹೋಗಿ ಟೇಪು ಎಳೆದೆ. ಹನ್ನೆರಡು ಹನ್ನೊಂದು ಸರಿಯಾಗಿ ಕೆಳಗಿನ ಗೋಡೆಯ ನೆತ್ತಿಗೆ ಬಂತು. ಪ್ರಿಂಟಿನಲ್ಲಿ ಇದ್ದದ್ದು ಹನ್ನೆರಡಡಿ ಒಂದಿಂಚು. ಚುಕ್ಕೆಯ ಮುಂದಿನ ಹನ್ನೊಂದನ್ನು ಆ ಯಂತ್ರ ಇಂಚೆಂದು ಓದಿರಲಿಲ್ಲ, ಅಡಿಯ ನೂರು ಭಾಗದಲ್ಲಿ ಹನ್ನೊಂದು ಎಂದು ಓದಿತ್ತು. ಮೌಲ್ಡಿನ ದಿನ ನಾನು ನಿದ್ದೆ ಹೊಡೆದ ಪಾಠ ಅದೇ. ಹತ್ತಿಂಚು ಒಳಗೆ, ಕೆಳಗೆ ಆಧಾರವೇ ಇಲ್ಲದೆ, ಬರೀ ಚಾವಣಿಯ ಮೇಲೆ ಒಂಬತ್ತಿಂಚು ದಪ್ಪದ ಗೋಡೆ ನಿಂತಿತ್ತು. ಕಟ್ಟಿದರೆ ವರ್ಷದೊಳಗೆ ವೀಣೆ ಕಲಿಯುವವರ ತಲೆಯ ಮೇಲಲ್ಲದಿದ್ದರೂ ರಾಮಸ್ವಾಮಿಯ ಟಿವಿಯ ಮೇಲೆ ಬಿರುಕು.

ರಾಮಸ್ವಾಮಿ ಆಗಲೇ ಕುಂಡ ಎಣಿಸುತ್ತಿದ್ದರು. "ಏಳು ಇಡಬಹುದು. ಆಯ್ತಯ್ಯ, ಕೆಲಸ ನಿಂದೇ."

ಆ ಮಾತಿಗಾಗಿ ಮೂರು ತಿಂಗಳು ಕಣ್ಣು ಉರಿಸಿಕೊಂಡಿದ್ದೆ. ಸುಮ್ಮನಿದ್ದುಬಿಡಬಹುದಿತ್ತು.

"ಸಾರ್, ಅದು ಐಡಿಯಾ ಅಲ್ಲ. ತಪ್ಪು. ಅಳತೆ ತಪ್ಪಾಗಿ ಒತ್ಬುಟ್ಟಿದ್ದೀನಿ. ಆ ಗೋಡೆ ಅಲ್ಲಿ ನಿಲ್ಲಲ್ಲ."

"ಕೆಳಗೊಂದು ಬೀಮ್ ಕೊಟ್ರೆ?"

"ನಿಲ್ತದೆ. ಅದಕ್ಕೆ ಎಷ್ಟು ಕಂಬಿ ಬೇಕು ಅಂತ ಲೆಕ್ಕ ಹಾಕೋರು ಬೇರೆ. ಅಂದಾಜಿನ ಮೇಲೆ ನಾನು ಹಾಕಲ್ಲ. ಗೋಡೆ ಮೇಲೆ ಗೋಡೆ ಬರಂಗೆ ಸರಿ ಮಾಡಿ ತತ್ತೀನಿ, ಮುಂದಿನ ಭಾನುವಾರ."

"ಕಟ್ಟೆ ಇರಲ್ವಾ ಹಾಗಾದ್ರೆ?"

"ಇರಲ್ಲ ಸಾರ್."

ಅವರು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಅದಕ್ಕೇ ಕಣಪ್ಪ ಓದ್ಬೇಕು ಅನ್ನೋದು" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಪಸ್ ಬೈಯಬಹುದಿತ್ತು.

ಮುಂದಿನ ಭಾನುವಾರ ಸರಿ ಮಾಡಿದ ಪ್ರಿಂಟು ಹಿಡಿದು ಹೋದಾಗ ಗೇಟಿಗೆ ಬೋರ್ಡು ಕಟ್ಟಿತ್ತು. ಬಿಳಿ ತಗಡಿನ ಮೇಲೆ ನೀಲಿ ಅಕ್ಷರ, ಮಾಧವ, ಹಿಂದೆ ಡಿಗ್ರಿ. ಒಳಗೆ ಹೋಗಲಿಲ್ಲ. ಹತ್ತು ದಿನದಲ್ಲಿ ಸಣ್ಣಮಾದಯ್ಯನ ಗುಂಪಿಗೇ ಕೆಲಸ ಬಂತು, ಗುಂಪಿನ ಜೊತೆ ನಾನೂ.

ಮಾಧವ ನಕ್ಷೆ ಬಿಚ್ಚಿ ಸಣ್ಣಮಾದಯ್ಯನಿಗೆ ವಿವರಿಸಿದರು. "ಇಲ್ಲಿ ಬೀಮ್. ಅದರ ಮೇಲೆ ಗೋಡೆ, ಹತ್ತಿಂಚು ಒಳಗೆ. ಮುಂದೆ ಕಟ್ಟೆ."

"ಯಾರ್ ಸ್ವಾಮಿ ಇಂಗ್ ಯೋಚ್ನೆ ಮಾಡಿದ್ದು?"

"ಮನೆಯವರದೇ."

ರಾಮಸ್ವಾಮಿ ಪಕ್ಕದಲ್ಲೇ ಇದ್ದರು. "ಏನೋ ಹೊಳೀತು" ಎಂದು ಕೆಮ್ಮಿದರು. ಸಣ್ಣಮಾದಯ್ಯ ನನ್ನ ಕಡೆ ತಿರುಗಿ ನೋಡಿ, ಮಟ್ಟಗೋಲು ಕೈಗೆ ಕೊಟ್ಟ. ಸಿಟ್ಟು ಭುಗಿಲೆಂದಿತು. ಹಾಗೇ ಕೂತಿತು. ಬೆಂಕಿಯನ್ನು ಊದಲೂ ಶಕ್ತಿ ಬೇಕು.

ಕಟ್ಟೆಗೆ ಗಾರೆ ಬಳಿದವನು ನಾನೇ. ಮೂಲೆ ತೀಡಿ, ಸ್ಪಂಜು ಹೊಡೆದು ನುಣ್ಣಗೆ ಮಾಡಿದೆ. ಹಾಳು ಮಾಡೋಣ ಎಂದರೂ ಕೈ ಕೇಳುವುದಿಲ್ಲ. ಚೂಡಾಮಣಿ ಕಾಫಿ ತಂದು ಪಕ್ಕದಲ್ಲಿ ಇಟ್ಟರು.

"ಈ ಕಟ್ಟೆ ನಿನ್ನ ಅವತ್ತಿನ ತಪ್ಪೇ ಅಲ್ವೇನೋ ಚೆಲುವರಾಜು?"

"ಹೂಂ ಕಣಮ್ಮ."

"ಚೆನ್ನಾಗಿದೆ. ನನ್ನ ರೂಮು ಮಾತ್ರ ಹತ್ತಿಂಚು ಚಿಕ್ಕದಾಯ್ತು. ಒಬ್ಬಳು ಬಾಗಿಲಲ್ಲಿ ಕೂರಬೇಕು." ಅವರು ಸ್ವಲ್ಪ ನಕ್ಕರು. ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟೆ.

ಸಂಜೆ ಕೈ ತೊಳೆದುಕೊಂಡು ಕ್ಲಾಸಿಗೆ ಹೋದೆ. ಉಗುರ ಸಂದಿನ ಸಿಮೆಂಟ್ ಹೋಗಿರಲಿಲ್ಲ. ಐಶ್ವರ್ಯ ತಲೆಯೆತ್ತಿ ಹೇಳಿದಳು: "ಆ ಕೆಲಸ ಹೋಯ್ತಂತಲ್ಲ. ಬರಲ್ಲ ಅಂದ್ಕೊಂಡೆ."

"ಓಗ್ಲಿ ಬುಡಿ. ಅವತ್ತು ನಾನ್ ಮಲಗಿದ್ನಲ್ಲ, ಆ ಪಾಠ ಇನ್ನೊಂದ್ ಸಲ ಏಳ್ಕೊಡಿ."

ಆಕೆ ಬೋರ್ಡು ಒರೆಸಿ ಅಡಿ ಎಂದು ಬರೆದಳು, ಪಕ್ಕದಲ್ಲಿ ಇಂಚು. ಕಣ್ಣು ಎಳೆಯುತ್ತಿತ್ತು. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಕೇಳಿಸಿಕೊಂಡೆ.