ಲಕ್ಷದಲ್ಲಿ ಉಳಿದ ಒಂದು ಪತ್ರೆ

ಕಾರ್ತಿಕದ ಕೊನೆಯ ಸೋಮವಾರ. ಗಾವಡಗೆರೆಯಲ್ಲಿ ಬೆಳಿಗ್ಗೆ ಏಳಾದರೂ ಮಂಜು ಕರಗಿರಲಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳ ಹೊಗೆಯೂ ಅದರೊಳಗೇ ಸೇರಿ, ಈಶ್ವರನ ಗುಡಿಯ ಕಳಸವಷ್ಟೇ ಕಾಣುತ್ತಿತ್ತು.

ಗಂಡ ಕಂಠಪ್ಪನಿಗೆ ಎದೆನೋವು ಬಂದಾಗ ಶಿವರುದ್ರಮ್ಮ ಲಕ್ಷ ಬಿಲ್ವಪತ್ರೆಯ ಹರಕೆ ಹೊತ್ತಿದ್ದಳು. ಕಂಠಪ್ಪ ಎದ್ದು ಓಡಾಡುವಂತಾದ. ಒಬ್ಬಳಿಂದ ಆಗುವ ಕೆಲಸವಲ್ಲವೆಂದು ವಾರಗಿತ್ತಿಯರಾದ ನೀಲಾಂಬಿಕೆ, ಪುಷ್ಪಾ ಇಬ್ಬರೂ ಕೈಜೋಡಿಸಿದರು. ಲಕ್ಷವನ್ನು ಮೂರು ಮನೆಗೆ ಮೊಬೈಲಿನಲ್ಲಿ ಭಾಗಿಸಿದವನು ಕಂಠಪ್ಪನೇ. ಮನೆಗೆ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು ಬಂತು. ಚುಕ್ಕಿಯಾಚೆ ಸಾಲಾಗಿ ನಿಂತ ಮೂರುಗಳನ್ನು ನೋಡಿ, "ಅವೆಲ್ಲ ಪುಡಿ, ಬುಡಿ ಅತ್ಲಾಗೆ" ಎಂದಿದ್ದ.

ವಾರವಾರವೂ ಏರಿಸಿ, ಈಗ ಕೊನೆಯ ಪಾಲು. ಗುಡಿಯ ಮೆಟ್ಟಿಲ ಮೇಲೆ ಶಿವರುದ್ರಮ್ಮ ಮೂರು ಬುಟ್ಟಿಯನ್ನೂ ತಾನೇ ಎಣಿಸಿದಳು. ಪುಷ್ಪಾಳ ಬುಟ್ಟಿಯಲ್ಲಿ ಒಂದು ಹೆಚ್ಚಿತ್ತು.

"ಪುಣ್ಯನ ಒಂದ್ಕೈ ಎಚ್ಚಾಗೇ ಬಾಚ್ಕಳಾಣ ಅಂತಾನೇನೆ?"

"ಕಣ್ತಪ್ಪಿ ಬಂದಿರ್ಬೇಕು ಕಣಕ್ಕ."

"ಪಾಲು ಅಂದ್ರೆ ಪಾಲು" ಎಂದು ಶಿವರುದ್ರಮ್ಮ ಆ ಪತ್ರೆಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.

ಅರ್ಚನೆ ಮುಗಿಯುವ ಹೊತ್ತಿಗೆ ಬಿಸಿಲು ಬಂದಿತ್ತು. ನೂರಕ್ಕೊಂದು ಹುಣಸೆಬೀಜ ಎತ್ತಿಡುತ್ತ ಬಂದಿದ್ದ ಗುಡಿಯ ಪೂಜಾರಿ ಶಿವನಂಜಪ್ಪ ಲೆಕ್ಕ ಒಪ್ಪಿಸಿದರು.

"ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಒಂದು ಕಮ್ಮಿ ಕಣವ್ವ."

ಶಿವರುದ್ರಮ್ಮನ ಮುಖ ಬಿಳಿಚಿತು. ಸೋಮವಾರ ಪತ್ರೆ ಕೀಳುವ ಹಾಗಿಲ್ಲ. ಇವತ್ತು ಮುಗಿಯದಿದ್ದರೆ ಹರಕೆ ಊನವಾದಂತೆ. ಕಂಬಕ್ಕೊರಗಿ ಕೂತಿದ್ದ ಗಂಡನನ್ನು ನೋಡಿದಳು. ಸೆರಗಿನ ಗಂಟು ನೆನಪಿಗೇ ಬರದೆ, ಆ ಹೆದರಿಕೆಯೆಲ್ಲ ಪುಷ್ಪಾಳ ಮೇಲೆ ತಿರುಗಿತು.

"ಇವತ್ತು ಒಂದು ಎಚ್ಚು ತಂದೋಳು, ಇನ್ಯಾವ ವಾರ ಒಂದು ಕಮ್ಮಿ ತಂದಿದ್ದೀಯೋ! ನಿಂಗೆ ಎಣ್ಸಕ್ಕೆ ಬಂದ್ರೆ ತಾನೇ?"

ಪುಷ್ಪಾಳ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ತಟ್ಟೆಯಿಂದ ಹತ್ತು ಚೆಂಡುಹೂ ಎತ್ತಿ ನೆಲದ ಮೇಲಿಟ್ಟಳು.

"ಅಕ್ಕ, ಇದ ಮೂರು ಮನೆಗೆ ಅಂಚಿ."

ಶಿವರುದ್ರಮ್ಮ ಮುನಿಸಿನಲ್ಲೇ ಹಂಚಿದಳು. ಮೂರು, ಮೂರು, ಮೂರು. ಒಂದು ಉಳಿಯಿತು.

"ಇಂಥ ಹತ್ತು ಗುಡ್ಡೆ ಸೇರಿದ್ರೆ ನೂರು. ಗುಡ್ಡೆಗೊಂದು ಉಳುದ್ರೆ ಹತ್ತು. ಆ ಹತ್ತನ್ನೂ ಅಂಚಿದ್ರೆ?" ಪುಷ್ಪಾ ಕೇಳಿದಳು.

"ಆಗ್ಲೂ ಒಂದು ಉಳೀತದೆ" ಎಂದಳು ನೀಲಾಂಬಿಕೆ.

"ಸಾವಿರಕ್ಕೂ ಅಷ್ಟೆ, ಲಕ್ಷಕ್ಕೂ ಅಷ್ಟೆ ಅಕ್ಕ. ಮೂರು ಜನ ಸಮ ಅಂಚ್ಕಂಡ್ರೆ ಒಂದು ಉಳ್ದೇ ಉಳೀತದೆ. ನಾವ್ಯಾರೂ ತಪ್ಪು ಎಣ್ಸಿಲ್ಲ."

"ಕೋಟಿಗೆ?" ಕಂಠಪ್ಪ ಕೇಳಿದ.

"ಕೋಟಿಗೂ ಅಷ್ಟೆ ಭಾವ. ನೀವು ಪುಡಿ ಅಂದ್ರಲ್ಲ, ಮೂರು ಮನೆ ಪುಡಿನೂ ಸೇರಿದ್ರೆ ಅದೇ ಒಂದು ಪತ್ರೆ."

ಕಂಠಪ್ಪ ತಲೆ ಕೆರೆದುಕೊಂಡ. ಶಿವನಂಜಪ್ಪ ಉಳಿದ ಒಂಟಿ ಹೂವನ್ನೇ ನೋಡುತ್ತ, "ಅಂಗಾದ್ರೆ ಅದು ಯಾರ ಪಾಲಿಗೂ ಸೇರದ್ದು. ಶಿವ ತನಗೇ ಅಂತ ಮಡಿಕಂಡಿರೋದು" ಎಂದರು.

ಶಿವರುದ್ರಮ್ಮನ ಕೈ ಸೆರಗಿಗೆ ಹೋಯಿತು. ಗಂಟು ಬಿಚ್ಚಿದಳು. ಪತ್ರೆ ಒಂದಿಷ್ಟು ಬಾಡಿತ್ತು, ಆದರೆ ಮೂರು ದಳವೂ ಮುಕ್ಕಾಗಿರಲಿಲ್ಲ. ತಂಬಿಗೆಯ ನೀರಲ್ಲಿ ತೊಳೆದು ಅದನ್ನು ಪುಷ್ಪಾಳ ಅಂಗೈಗಿಟ್ಟಳು.